ಹಾಡು ಕೆಟ್ಟಿಲ್ಲ ಮಾಮಾ

ನಮ್ಮ ರೂಮಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಂತ ಊರಿನ ಹೆಸರಲ್ಲೇ ಕರೆಯೋದು. ಐದನೆಯವನು ಹಗರಿಬೊಮ್ಮನಹಳ್ಳಿ. ಅಷ್ಟುದ್ದ ಕರೆಯೋಕಾಗಲ್ಲ. ಬೊಮ್ಮನಹಳ್ಳಿ ಅಂದ್ರೆ ಬೆಂಗಳೂರಿನ ಹುಡುಗರು ಸಿಲ್ಕ್ ಬೋರ್ಡ್ ಹತ್ರದ್ದಾ ಅಂತ ಕೇಳ್ತಾರೆ. ಹಾಗಾಗಿ ಅವನು ಬರೀ 'ಹಳ್ಳಿ'. ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆ ಒಂದನ್ನು ಬಿಟ್ಟರೆ ಉಳಿದ ಐದೂ ನಮ್ಮ ಮೂರು ಮಂಚದ ರೂಮಿನಲ್ಲಿ ದಿನಾ ಸಂಜೆ ಕೂತಿರುತ್ತವೆ.

ಇಲ್ಲಿ ಬರೆಯೋದು ಕೊಟ್ಟೂರಿನ ಸೋದರಮಾವನ ವಿಷಯ. ಅವನಿಗೆ ಮಾಮ ಆದಮೇಲೆ ನಮಗೆಲ್ಲ ಮಾಮನೇ. 1984ರಿಂದ 1988ರವರೆಗೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವರು. ಆ ನಾಲ್ಕು ವರ್ಷದಲ್ಲಿ ಮಾಮ ಡಿಗ್ರಿ ಜೊತೆಗೆ ನಲವತ್ತು ಚಿಲ್ಲರೆ ಕ್ಯಾಸೆಟ್ ಸಂಪಾದಿಸಿದರು. ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್, ಲೆಡ್ ಜೆಪ್ಲಿನ್. ಕೆಲವು ಅಂಗಡಿಯಲ್ಲಿ ಕೊಂಡದ್ದು, ಜಾಸ್ತಿ ಎಲ್ಲ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡದ್ದು. 90 ನಿಮಿಷದ ಕ್ಯಾಸೆಟ್ಟಿನ ಒಂದೊಂದು ಬದಿಗೆ ಒಂದೊಂದು ಆಲ್ಬಂ, ಮೇಲೆ ನೀಲಿ ಇಂಕಿನಲ್ಲಿ ಹೆಸರು. ಕುಂವೀ ಅವರ ಊರಿನಲ್ಲಿ ಕೂತು ಓಝಿ ಆಸ್ಬರ್ನ್ ಕೇಳೋ ಮನುಷ್ಯ ಇದ್ದಾರೆ ಅಂತ ನಮಗೂ ಮೊದಲು ನಂಬಿಕೆ ಬಂದಿರಲಿಲ್ಲ.

ಮಾಮ ಹೊಸ ಮನೆ ಕಟ್ಟಿಸಿದರು. ಆರ್‌ಸಿಸಿ, ಮುಖ ಕಾಣೋ ಹಾಗೆ ಹೊಳೆಯೋ ಟೈಲ್ಸ್. ಹಳೆ ಟೂ-ಇನ್-ಒನ್ ಮನೆ ಬದಲಾಯಿಸೋವಾಗ ಕೈಕೊಟ್ಟಿತು. ರಿಪೇರಿ ಮಾಡೋರು ಸಿಗಲಿಲ್ಲ. ಆಗ ಅವರು ಅಳಿಯನ ಕೈಗೆ ಇಪ್ಪತ್ತು ಸಾವಿರ ಕೊಟ್ಟು, "ನೀವು ಎಂಜಿನಿಯರಿಂಗ್ ಓದೋರು ಅದೀರಿ, ಚಲೋದು ನೋಡಿ ತರ್ರಿ" ಅಂದರು. ನಮ್ಮನ್ನು ನಂಬಿ ಯಾರಾದರೂ ಇಷ್ಟು ದೊಡ್ಡ ಮೊತ್ತ ಕೊಟ್ಟಿದ್ದು ಅದೇ ಮೊದಲು. (ಕಾಲೇಜ್ ಫೀಸು ನಮ್ಮ ಕೈಗೆ ಬರೋದಿಲ್ಲ, ಅಕೌಂಟಿಂದ ಅಕೌಂಟಿಗೆ ಹೋಗುತ್ತೆ.)

ನಾವು ಒಂದು ತಿಂಗಳು ರಿವ್ಯೂ ಓದಿದ್ವಿ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್ ಯಾವುದರದ್ದು ನೆಟ್ಟಗೆ ಗೆರೆ ಎಳೆದ ಹಾಗಿದೆಯೋ ಅದೇ ಒಳ್ಳೆಯದು ಅಂತ ತೀರ್ಮಾನ ಮಾಡಿ, ಸ್ಟುಡಿಯೋದಲ್ಲಿ ಬಳಸೋ ಒಂದು ಜೊತೆ ಮಾನಿಟರ್ ಸ್ಪೀಕರ್ ತಗೊಂಡ್ವಿ. ಹೆಸರು ಬೇಡ, ಸ್ಪೀಕರಿನ ತಪ್ಪೇನಿಲ್ಲ. 17,800 ರೂಪಾಯಿ. ಉಳಿದದ್ದು ಕೇಬಲ್ಲಿಗೆ. ಕ್ಯಾಸೆಟ್ಟಿನ ಆಲ್ಬಂಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡ್ವಿ. ಕೊಟ್ಟೂರೇಶ್ವರನ ತೇರಿಗೆ ಐವರೂ ಹರಿಹರದಿಂದ ರೈಲು ಹತ್ತಿದ್ವಿ. ಹರಪನಹಳ್ಳಿ ದಾಟಿ ಕೊಟ್ಟೂರು ಬರೋವರೆಗೂ ಆ ಎರಡು ಡಬ್ಬಗಳನ್ನು ತೊಡೆ ಮೇಲೇ ಇಟ್ಟುಕೊಂಡಿದ್ವಿ.

ಸಂಜೆ ಹಾಲ್‌ನಲ್ಲಿ ಜೋಡಿಸಿ ಡೀಪ್ ಪರ್ಪಲ್ ಹಚ್ಚಿದ್ವಿ. 'ಮೆಷಿನ್ ಹೆಡ್'. ಮಾಮ ಕುರ್ಚಿ ಎಳ್ಕೊಂಡು ಎದುರಿಗೇ ಕೂತರು. ಮೊದಲನೇ ಹಾಡಿಗೆ ಕಣ್ಣು ಮುಚ್ಚಿದ್ದರು, ಎರಡನೇದಕ್ಕೆ ತೆಗೆದರು. ಮೂರನೇ ಹಾಡಿನ ಮಧ್ಯದಲ್ಲಿ ಎದ್ದು ತಾವೇ ಆಫ್ ಮಾಡಿದರು.

"ಕಿವ್ಯಾಗ ದಬ್ಬಣ ಚುಚ್ಚಿದಂಗ ಆಗತೈತಿ. ಹಾಡು ಕೆಟ್ಟು ಹೋಗ್ಯಾವಲೇ."

ಕೆಟ್ಟಿಲ್ಲ ಮಾಮಾ, ಮೊದಲಿಂದಲೂ ಹೀಗೇ ಇದ್ದವು, ಈಗ ನಿಮಗೆ ನಿಜವಾದ ಸೌಂಡ್ ಕೇಳಿಸ್ತಿದೆ ಅಂತ ನಾವು ಹೇಳಿದ್ವಿ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಒಬ್ಬ ಮನುಷ್ಯ ನಲವತ್ತು ವರ್ಷ ಪ್ರೀತಿಸಿದ್ದನ್ನ, ನಿಮಗೆ ಇಷ್ಟು ದಿನ ಸರಿಯಾಗಿ ಕೇಳಿಸಿರಲಿಲ್ಲ ಬಿಡಿ ಅಂದ ಹಾಗಾಯ್ತು. ಮಾಮ ಬೈಯಲಿಲ್ಲ. "ಹಂಗಾರ ಹುಡುಗ ಇದ್ದಾಗ ಏನೋ ಹುಚ್ಚು ಇತ್ತು ಅನ್ನು" ಅಂದು ಸುಮ್ಮನಾದರು. ಊಟಕ್ಕೆ ಕೂತಾಗ ಅತ್ತೆಗೆ, ಗುಜರಿಯವನು ಬಂದರೆ ಆ ಕ್ಯಾಸೆಟ್ ಟ್ರಂಕ್ ಹಾಕಿಬಿಡು ಅಂದರು. ಮರುದಿನ ತೇರು ನೋಡಿ, ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬಂದ್ವಿ. ರೈಲಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಹಾಸ್ಟೆಲಿಗೆ ಬಂದಮೇಲೆ, ನಾವು ಮಾಡಿದ ಮೊದಲ ಕೆಲಸ ತಪ್ಪನ್ನು ರೆಕಾರ್ಡಿಂಗ್ ಮೇಲೆ ಹಾಕೋದು. ಅದರಲ್ಲಿ ಅರ್ಧ ಸತ್ಯ ಇದೆ. ಹಳೇ ರಾಕ್ ರೆಕಾರ್ಡಿಂಗ್‌ಗಳು ಕರ್ಕಶವಾಗಿರೋಕೆ ಕಾರಣಗಳಿವೆ. ಮೊದಲನೇದು, ಅವರು ಬೇಕಂತಲೇ ಹಾಗೆ ಮಾಡಿದ್ರು. 1964ರಲ್ಲಿ 'ದಿ ಕಿಂಕ್ಸ್' ಬ್ಯಾಂಡಿನ ಡೇವ್ ಡೇವೀಸ್ ತನ್ನ ಆಂಪ್ಲಿಫೈಯರಿನ ಸ್ಪೀಕರ್ ಕೋನ್ ಅನ್ನು ಬ್ಲೇಡಿನಿಂದ ಸೀಳಿದ, ಗಿಟಾರಿಗೆ ಆ ಹರಿದ ದನಿ ಬರಲಿ ಅಂತ. ಸ್ಪೀಕರನ್ನೇ ಬ್ಲೇಡ್ ಹಾಕಿ ಸೀಳಿ ರೆಕಾರ್ಡ್ ಮಾಡಿದ ಹಾಡು ರೇಷ್ಮೆ ಥರ ಕೇಳಬೇಕು ಅಂದ್ರೆ ಹೇಗೆ? ಎರಡನೇದು ಎಲ್‌ಪಿ ರೆಕಾರ್ಡಿನ ಮಿತಿ. ಬೇಸ್ ಜಾಸ್ತಿ ಇದ್ದರೆ ರೆಕಾರ್ಡಿನ ಗೆರೆ ಅಗಲವಾಗಿ ಓಲಾಡುತ್ತೆ, ಒಂದು ಬದಿಯಲ್ಲಿ ಹಿಡಿಸೋ ನಿಮಿಷ ಕಡಿಮೆಯಾಗುತ್ತೆ. ಅದಕ್ಕೆ ಬೇಸ್ ಮೇಲೆ ಕೈ ಬಿಗಿ ಮಾಡ್ತಿದ್ರು. ಬೇಸ್ ಕಡಿಮೆಯಾದರೆ ಮಧ್ಯದ ಗಿಟಾರು, ಸಿಂಬಲ್ಲು ತಾನಾಗೇ ಮುಂದೆ ಬರುತ್ತೆ.

ಮೂರನೇದನ್ನ ಕಂಡುಹಿಡಿದವನು ಹಳ್ಳಿ. ಅವನು ಇಸಿ ಬ್ರಾಂಚು. 1982ರಲ್ಲಿ ಸಿಡಿ ಬಂದ ಶುರುವಿನಲ್ಲಿ, ಕೆಲವು ಸಿಡಿಗಳಿಗೆ ಪ್ರೀ-ಎಂಫಸಿಸ್ ಹಾಕ್ತಿದ್ರು. ಅಂದ್ರೆ ರೆಕಾರ್ಡ್ ಮಾಡೋವಾಗ ಟ್ರೆಬಲ್ ಏರಿಸೋದು, ಪ್ಲೇಯರು ಒಂದು ಗುರುತು ನೋಡಿ ಅದನ್ನ ಇಳಿಸೋದು. ಆ ಗುರುತನ್ನು ಗಮನಿಸದೆ ಕಂಪ್ಯೂಟರಿಗೆ ರಿಪ್ ಮಾಡಿದರೆ ಏರಿಸಿದ್ದು ಏರಿಸಿದ ಹಾಗೇ ಉಳಿಯುತ್ತೆ. ಟೈಮ್ ಕಾನ್‌ಸ್ಟೆಂಟ್ 50 ಮತ್ತು 15 ಮೈಕ್ರೋಸೆಕೆಂಡ್. ಲೆಕ್ಕ ಹಾಕಿ ನೋಡಿ, ಎರಡನೇ ಸೆಮಿಸ್ಟರಿನ ಹುಡುಗರಿಗೂ ಬರುತ್ತೆ: 3 ಕಿಲೋಹರ್ಟ್ಸ್‌ ಹತ್ತಿರ ಸುಮಾರು 2.5 ಡೆಸಿಬೆಲ್, 10 ಕಿಲೋಹರ್ಟ್ಸ್‌ಗೆ 7.6 ಡೆಸಿಬೆಲ್ ಜಾಸ್ತಿ. ನಮ್ಮ ಪೆನ್‌ಡ್ರೈವಿನಲ್ಲಿ ಸೀನಿಯರ್ ಒಬ್ಬರ ಹಳೇ ಸಿಡಿಯಿಂದ ನಾವೇ ರಿಪ್ ಮಾಡಿದ್ದ ಒಂದು ಆಲ್ಬಂ ಹೀಗೇ ಇತ್ತು. ಅದನ್ನ ಸರಿ ಮಾಡಿದ್ವಿ. ಉಳಿದವು ಹಾಗೇ ಇದ್ದವು.

ರೀಮಾಸ್ಟರ್ ಆದ ಆವೃತ್ತಿ ಹಾಕೋಣ ಅಂತ ಹಡಗಲಿ ಅಂದ. ರೀಮಾಸ್ಟರ್ ಅಂದ ತಕ್ಷಣ ಮೆತ್ತಗಾಗಿರುತ್ತೆ ಅಂತೇನಿಲ್ಲ. ಸ್ಟೂಜಸ್ ಬ್ಯಾಂಡಿನ 1973ರ 'ರಾ ಪವರ್' ಆಲ್ಬಂ ಅನ್ನು 1997ರಲ್ಲಿ ಇಗ್ಗಿ ಪಾಪ್ ತಾನೇ ರೀಮಿಕ್ಸ್ ಮಾಡಿದಾಗ ಮೊದಲಿಗಿಂತ ಜೋರಾಯ್ತು. ಅದನ್ನ ನಾವು ಇಯರ್‌ಫೋನಿನಲ್ಲಿ ಅರ್ಧ ಹಾಡು ಕೇಳಿ ತೆಗೆದಿಟ್ಟೆವು.

ಆಮೇಲೆ ಯಮಹಾ ಎನ್‌ಎಸ್-10 ಕಥೆ ಸಿಕ್ಕಿತು. ನಮ್ಮ ತಲೆ ತಿರುಗಿದ್ದು ಇದನ್ನ ಓದಿದಮೇಲೆ. 1978ರಲ್ಲಿ ಮನೆ ಬಳಕೆಗೆ ಅಂತ ಬಂದ ಬಿಳೀ ಕೋನಿನ ಈ ಸ್ಪೀಕರ್, ಆಮೇಲೆ ಪ್ರಪಂಚದ ಸ್ಟುಡಿಯೋಗಳಲ್ಲೆಲ್ಲ ಮಿಕ್ಸಿಂಗ್ ಡೆಸ್ಕ್ ಮೇಲೆ ಕೂತಿತು. ಟ್ರೆಬಲ್ ಎಷ್ಟು ಚುರುಕು ಅಂದ್ರೆ, ದೊಡ್ಡ ದೊಡ್ಡ ಎಂಜಿನಿಯರುಗಳು ಟ್ವೀಟರಿನ ಮೇಲೆ ಟಿಶ್ಯೂ ಪೇಪರ್ ಅಂಟಿಸಿಕೊಂಡು ಕೆಲಸ ಮಾಡ್ತಿದ್ರು. ಅಂದ್ರೆ ಹಾಡು ಮಾಡಿದವರೇ ತಮ್ಮ ಕಿವಿ ಉಳಿಸಿಕೊಳ್ಳೋಕೆ ಪೇಪರ್ ಅಂಟಿಸಿದ್ದಾರೆ. ನಾವು ಮಾಮನ ಕಿವಿಗೆ ಮಾತ್ರ 'ನಿಜವಾದ ಸೌಂಡ್' ಕೇಳಿಸೋಕೆ ಹೋಗಿದ್ವಿ.

ಹಾಗಾದ್ರೆ ಮಾಮ ದಾವಣಗೆರೆ ಹಾಸ್ಟೆಲಿನಲ್ಲಿ, ಆಮೇಲೆ ಕೊಟ್ಟೂರಿನ ಹಳೇ ಮನೆಯಲ್ಲಿ ಕೇಳಿದ್ದು ಏನು? ಬರೀ ಡೀಪ್ ಪರ್ಪಲ್ ಅಲ್ಲ. ಕ್ಯಾಸೆಟ್ಟು, ಅದರಲ್ಲೂ ಕಾಪಿಯ ಕಾಪಿ, ಮೇಲಿನ ಟ್ರೆಬಲ್ ಆಗಲೇ ಸವೆದದ್ದು. ಟೂ-ಇನ್-ಒನ್ನಿನ ನಾಲ್ಕು ಇಂಚಿನ ಪೇಪರ್ ಕೋನ್, ಟ್ವೀಟರೇ ಇಲ್ಲ. ಟೋನ್ ಅಂತ ಒಂದೇ ಗುಂಡಿ, ಅದೂ ಯಾವಾಗಲೂ ಅರ್ಧಕ್ಕೆ ತಿರುಗಿಸಿದ್ದು. ಆ ಹಾಡು ಈ ಎಲ್ಲದರ ಒಳಗಿಂದ ಹಾದು ಬಂದು ಮಾಮನ ಹಾಡಾಗಿತ್ತು. ನಾವು ಈ ಎಲ್ಲವನ್ನೂ ತೆಗೆದುಹಾಕಿ, ತೆಗೆದಿದ್ದೇವೆ ಅಂತ ಹೆಮ್ಮೆ ಪಟ್ಟಿದ್ವಿ.

ಕೂಡ್ಲಿಗಿಯ ಅಪ್ಪನದ್ದು ಮೈಕ್‌ಸೆಟ್ಟು, ಶಾಮಿಯಾನದ ಕೆಲಸ. ಅವರಿಗೆ ಫೋನ್ ಹಚ್ಚಿ ಕೇಳಿದ್ವಿ. ಅವರು ಓದಿದ್ದು ಏಳನೇ ಕ್ಲಾಸು. ನಾವು ಸಮಸ್ಯೆ ಪೂರ್ತಿ ಹೇಳೋಕೂ ಮುಂಚೆ, "ಎಂಥಾ ಕರ್ಕಶ? ಕೊರಿತೈತೋ, ತಗಡು ಬಡಿದಂಗ ಐತೋ, ಸ್ಸ್ ಅಂತೈತೋ, ಗುಂಯ್ ಅಂತೈತೋ?" ಅಂದರು. ನಾವು ಐವರೂ ಇಂಗ್ಲಿಷ್ ಮೀಡಿಯಂ. ನಮ್ಮ ಹತ್ರ ಇದಕ್ಕೆಲ್ಲ ಸೇರಿ ಇದ್ದ ಪದ ಒಂದೇ, 'ಹಾರ್ಶ್'. ಅವರ ಹತ್ರ ನಾಲ್ಕಿದ್ದವು. ಆಮೇಲೆ ಕೂತು ಟೋನ್ ಜನರೇಟರ್ ಆಪ್ ಇಟ್ಟುಕೊಂಡು ಹೊಂದಿಸಿ ನೋಡಿದ್ವಿ. ಸ್ಸ್ ಅನ್ನೋದು 6ರಿಂದ 9 ಕಿಲೋಹರ್ಟ್ಸ್, ಸಿಂಬಲ್ಲು ಮತ್ತು 'ಸ' ಅಕ್ಷರ. ಕೊರೆಯೋದು 2ರಿಂದ 5ರ ಒಳಗೆ. ಮನುಷ್ಯನ ಕಿವಿ ಅತಿ ಹೆಚ್ಚು ಸೂಕ್ಷ್ಮ ಇರೋದು ಅಲ್ಲೇ, ಕಿವಿಯ ನಾಳವೇ 3 ಕಿಲೋಹರ್ಟ್ಸ್ ಸುತ್ತ ಅನುರಣಿಸುತ್ತೆ. ತಗಡು ಬಡಿಯೋದು ಅದಕ್ಕಿಂತ ಕೆಳಗೆ, ಒಂದೂವರೆ ಹತ್ರ, ಬೇಸ್ ಇಲ್ಲದಾಗ. ಗುಂಯ್ ಅನ್ನೋದು ಸ್ಪೀಕರಿನದ್ದೇ ಅಲ್ಲ, ರೂಮಿನದ್ದು.

ಜಾತ್ರೆಯ ಕೊಂಬಿನ ಸ್ಪೀಕರ್ ಯಾಕೆ ಅಷ್ಟು ಕೊರೆಯುತ್ತೆ ಅಂತಲೂ ಅವರೇ ಹೇಳಿದರು. ಅದು ಮಾತು ದೂರ ಹೋಗಲಿ ಅಂತ ಮಾಡಿದ್ದು. ಮೂವತ್ತು ವ್ಯಾಟಿನಲ್ಲಿ ಊರೆಲ್ಲ ಮುಟ್ಟಬೇಕಂದ್ರೆ, ಕಿವಿ ಎಲ್ಲಿ ಚುರುಕೋ ಅಲ್ಲೇ ಎಲ್ಲ ಶಕ್ತಿ ಸುರೀಬೇಕು. "ಸ್ಪೀಕರು ಚಲೋ, ಕೆಟ್ಟದ್ದು ಅಂತಿಲ್ಲಪಾ. ಯಾವ ಕೆಲಸಕ್ಕ ಯಾವುದು ಅಂತ ಐತಿ" ಅಂದರು. ನಮ್ಮ ಮಾನಿಟರು ರೆಕಾರ್ಡಿಂಗಿನ ತಪ್ಪು ಹುಡುಕೋಕೆ ಮಾಡಿದ್ದು. ಅದು ತನ್ನ ಕೆಲಸ ಸರಿಯಾಗಿ ಮಾಡ್ತಾ ಇತ್ತು.

ಯುಗಾದಿಗೆ ಮತ್ತೆ ಹೋದ್ವಿ. ದಾರಿಯುದ್ದಕ್ಕೂ ಒಂದೇ ಹೆದರಿಕೆ, ಗುಜರಿಯವನು ಬಂದುಹೋದನೋ ಏನೋ ಅಂತ. ಟ್ರಂಕ್ ಇತ್ತು. ಅತ್ತೆ ಅದರ ಮೇಲೆ ಸೀರೆ ಇಸ್ತ್ರಿ ಮಾಡ್ತಿದ್ರು.

ಮೊದಲು ಮಾಮನ ಕಿವಿ ಪರೀಕ್ಷೆ ಮಾಡಿದ್ವಿ, ಆಸ್ಪತ್ರೆಯ ಥರ ಅಲ್ಲ, ಆಪ್ ಇಟ್ಟುಕೊಂಡು. 11 ಕಿಲೋಹರ್ಟ್ಸ್ ಮೇಲೆ, "ಎಲ್ಲೈತಿ ಸೌಂಡು?" ಅಂದರು. ಅರವತ್ತರ ಹತ್ತಿರದವರಿಗೆ ಇದು ಸಹಜ. ಆದರೆ 3 ಕಿಲೋಹರ್ಟ್ಸ್ ಬಂದಾಗ ಮುಖ ಕಿವುಚಿ ಕೈ ಅಡ್ಡ ಹಿಡಿದರು. ಅಲ್ಲಿಗೆ ನಾವು ತೇರಿನ ಹೊತ್ತಲ್ಲಿ ಮಾಡಿದ್ದ ಇನ್ನೊಂದು ದಡ್ಡತನ ಗೊತ್ತಾಯ್ತು. ಮಾನಿಟರಿನ ಹಿಂದೆ ಹೈ ಫ್ರೀಕ್ವೆನ್ಸಿ ತಗ್ಗಿಸೋ ಸ್ವಿಚ್ ಇತ್ತು. ಅದನ್ನ ಹಾಕಿ ಈಗ ಸರಿಯಾಯ್ತಾ ಅಂತ ಕೇಳಿದ್ವಿ, ಇಲ್ಲ ಅಂದಿದ್ರು. ಅದು ಇಳಿಸ್ತಿದ್ದದ್ದು ಮಾಮನಿಗೆ ಹೆಚ್ಚಾಗಿ ಕೇಳಿಸದೇ ಇರೋ ಜಾಗವನ್ನ.

ಟಿಶ್ಯೂ ಪೇಪರಿನ ಕಥೆ ಹೇಳಿದಾಗ ಮಾಮ ನಕ್ಕು, ಹೆಗಲ ಮೇಲಿನ ಟವೆಲ್ಲನ್ನೇ ಸ್ಪೀಕರಿಗೆ ಹೊದಿಸಿದರು. ಕೊರೆಯೋದೇನೋ ನಿಂತಿತು, ಹಾಡು ಪಕ್ಕದ ಮನೆಯಿಂದ ಬಂದ ಹಾಗಾಯ್ತು.

ಆಮೇಲೆ ಹರಪನಹಳ್ಳಿ ಸುಮ್ಮನೆ ಒಂದು ಚಪ್ಪಾಳೆ ತಟ್ಟಿದ. ಟಣಣಣ ಅಂತು. ಹೊಸ ಹಾಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟಿವಿ, ಪರದೆ ಇನ್ನೂ ಹಾಕಿಲ್ಲ. ಅವನು, "ಹಳೇ ಮನೇಲಿ ಕೇಳೋಣ ನಡೀರಿ" ಅಂದ. ಮಾಮನ ಹಳೇ ಮನೆ ಹಿಂದಿನ ಓಣಿಯಲ್ಲೇ ಇದೆ. ಮಾಳಿಗೆ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ತೊಲೆ ಜಂತೆ, ಮೇಲೆ ಮಣ್ಣು. ಈಗ ಅಲ್ಲಿ ಮೆಕ್ಕೆಜೋಳದ ಚೀಲ ಒಟ್ಟಿದ್ದಾರೆ. ಅದೇ ಸ್ಪೀಕರು, ಅದೇ ಪೆನ್‌ಡ್ರೈವು, ಅದೇ ಹಾಡು. ಚೀಲಗಳ ಮಧ್ಯೆ ಹಚ್ಚಿದ್ವಿ.

ಮಾಮ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಒಳಗೆ ಬಂದು ಒಂದು ಚೀಲದ ಮೇಲೆ ಕೂತರು. ಆಲ್ಬಂ ಪೂರ್ತಿ ಮುಗಿಯೋವರೆಗೆ ಎದ್ದೇಳಲಿಲ್ಲ. ನಾವೂ ಕೂತ್ವಿ. ಹೊರಗೆ ಯಾರೋ ಎತ್ತು ತೊಳೀತಿದ್ರು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಬೇಡದವರು ಈ ಪ್ಯಾರಾ ದಾಟಿ. ಹೊಸ ಹಾಲು 12 ಅಡಿಗೆ 15 ಅಡಿ, ಎತ್ತರ 10. ಸುಮಾರು 51 ಘನ ಮೀಟರ್. ಗೋಡೆ, ನೆಲ, ಸೂರು ಸೇರಿ 84 ಚದರ ಮೀಟರ್. ಟೈಲ್ಸು, ಪ್ಲಾಸ್ಟರು ಶಬ್ದವನ್ನ ಹೀರೋದು ನೂರಕ್ಕೆ ಮೂರು ನಾಲ್ಕು ಪಾಲು ಅಷ್ಟೇ. ಸಬೈನ್ ಸೂತ್ರ, 0.161 ಗುಣಿಸು ಘನ ಅಳತೆ ಭಾಗಿಸು ಹೀರಿಕೆ, ಹಾಕಿದರೆ ಸುಮಾರು ಎರಡೂವರೆ ಸೆಕೆಂಡ್. ಅಂದ್ರೆ ಒಂದು ಡ್ರಮ್ ಏಟು ಪೂರ್ತಿ ಅಡಗೋಕೆ ಎರಡೂವರೆ ಸೆಕೆಂಡ್, ಅಷ್ಟರಲ್ಲಿ ಇನ್ನೈದು ಏಟು ಬಿದ್ದಿರುತ್ತೆ. ಗಿಟಾರಿನ ಕೊರೆತ ಗೋಡೆಯಿಂದ ಗೋಡೆಗೆ ಹಾರಿ ಹಾರಿ ಕಿವಿಗೇ ಬರುತ್ತೆ. ಮಣ್ಣಿನ ಗೋಡೆಗೆ, ಜಂತೆ ಸಂದುಗಳಿಗೆ, ಗೋಣಿಚೀಲಕ್ಕೆ ಆ ಚಟ ಇಲ್ಲ.

ಪರಿಹಾರ ಹೊಸ ಮನೆಯ ಅಟ್ಟದ ಮೇಲೇ ಇತ್ತು. ಅಜ್ಜಿ ಇದ್ದಾಗ ಹೊಲಿದ ಕೌದಿಗಳು, ಹಳೇ ಸೀರೆ ಪದರದ ಮೇಲೆ ಪದರ ಇಟ್ಟು ಹೊಲಿದವು. ಹೊಸ ಮನೆಗೆ ಹೊಂದಲ್ಲ ಅಂತ ಕಟ್ಟಿ ಇಟ್ಟಿದ್ರು. ನಾಲ್ಕು ಕೌದಿ, ಒಂದೊಂದು 5 ಅಡಿಗೆ 7 ಅಡಿ. ಲೆಕ್ಕದಲ್ಲಿ ಎರಡೂವರೆ ಸೆಕೆಂಡ್ ಹತ್ತಿರ ಹತ್ತಿರ ಒಂದಕ್ಕೆ ಬರುತ್ತೆ. ಗೋಡೆಗೆ ಅಂಟಿಸಿ ಹಾಕಬಾರದು. 3 ಕಿಲೋಹರ್ಟ್ಸ್ ಶಬ್ದದ ತರಂಗದ ಉದ್ದ 11 ಸೆಂಟಿಮೀಟರ್ ಚಿಲ್ಲರೆ, ಅದರ ಕಾಲು ಭಾಗ 3 ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ. ಗೋಡೆಯಿಂದ ಅಷ್ಟು ದೂರದಲ್ಲಿ ಗಾಳಿಯ ಕಣಗಳ ಓಡಾಟ ಅತಿ ಹೆಚ್ಚು, ಬಟ್ಟೆ ಅಲ್ಲಿದ್ದರೆ ಚೆನ್ನಾಗಿ ಹೀರುತ್ತೆ. ಹಾಗಾಗಿ ಒಂದಿಂಚಿನ ರೀಪು ಹೊಡೆದು ಅದರ ಮೇಲೆ ತೂಗುಹಾಕಿದ್ವಿ. ಅತ್ತೆ ಮೊದಲು ಒಪ್ಪಲಿಲ್ಲ. "ಬಂದೋರು ಏನಂತಾರ, ಹೊಸ ಗ್ವಾಡಿಗೆ ಕೌದಿ ಹಾಕ್ಯಾರ ಅನ್ನಲ್ಲೇನು?" ಹಡಗಲಿ ಆಗ ಮೆಷಿನ್ ಹೆಡ್ ರೆಕಾರ್ಡ್ ಆದ ಕಥೆ ಹೇಳಿದ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂನಲ್ಲಿ ರೆಕಾರ್ಡ್ ಮಾಡಬೇಕಿದ್ದ ಕ್ಯಾಸಿನೋ ಬೆಂಕಿಗೆ ಸುಟ್ಟುಹೋಗಿ, ಬ್ಯಾಂಡಿನವರು ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನ ಪಡಸಾಲೆಯಲ್ಲಿ ಹಾಸಿಗೆಗಳನ್ನ ಅಡ್ಡ ನಿಲ್ಲಿಸಿಕೊಂಡು ಆಲ್ಬಂ ಮುಗಿಸಿದ್ರು. ಅತ್ತೆಗೆ ಕಥೆ ಮುಟ್ಟಲಿಲ್ಲ. ಅಜ್ಜಿಯ ಕೌದಿ ಕಣ್ಣಿಗೆ ಕಾಣ್ತಾ ಇರುತ್ತಲ್ಲ ಅಂತ ಮಾಮ ಅಂದದ್ದಕ್ಕೆ ಸುಮ್ಮನಾದರು. ಇದನ್ನ ಬರೆಯೋವಾಗಲೂ ಅವು ಅಲ್ಲೇ ಇವೆ.

ಸ್ಪೀಕರನ್ನ ಆದರೂ ಬದಲಾಯಿಸಿದ್ವಿ. ನಮ್ಮ ಕಾಲೇಜಿನ ಬ್ಯಾಂಡಿನ ಹುಡುಗನೊಬ್ಬ ಮಾನಿಟರನ್ನ 13,000ಕ್ಕೆ ತಗೊಂಡ, ಅವನಿಗೆ ಅದು ಸರಿಯಾದ ವಸ್ತು. ಆ ನಷ್ಟವನ್ನ ಐವರೂ ಹಂಚಿಕೊಂಡು ತೀರಿಸ್ತಿದ್ದೇವೆ, ಮಾಮನಿಗೆ ಹೇಳಿಲ್ಲ. (ಅವರು ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೇವೆ.) ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದು ಸೆಕೆಂಡ್‌ಹ್ಯಾಂಡ್ ಬುಕ್‌ಶೆಲ್ಫ್ ಸ್ಪೀಕರ್ 6,500ಕ್ಕೆ, ಒಂದು ಹಳೇ ಆಂಪ್ಲಿಫೈಯರ್ 5,000ಕ್ಕೆ ತಂದ್ವಿ. ಈ ಸಲ ಗ್ರಾಫ್ ನೋಡಲಿಲ್ಲ. ನೋಡಿದ್ದು ಇಷ್ಟು: ಆರೂವರೆ ಇಂಚಿನ ಪೇಪರ್ ಕೋನು, ಬಟ್ಟೆಯ ಗುಮ್ಮಟದ ಟ್ವೀಟರು, ಆಂಪಿನಲ್ಲಿ ಬೇಸ್ ಟ್ರೆಬಲ್ ಎರಡು ಗುಂಡಿ. ಈಗಿನ ತುಂಬಾ ಹೈಫೈ ಆಂಪುಗಳಲ್ಲಿ ಆ ಗುಂಡಿ ತೆಗೆದುಬಿಟ್ಟಿದ್ದಾರೆ, ಶುದ್ಧ ಸಿಗ್ನಲ್ ಅಂತ. ನಮ್ಮ ಅಭಿಪ್ರಾಯದಲ್ಲಿ ಹಳೇ ರಾಕ್ ಕೇಳೋರಿಗೆ ಆ ಗುಂಡಿಗಿಂತ ದೊಡ್ಡ ಉಪಕಾರ ಇಲ್ಲ. ಆ ಸರ್ಕ್ಯೂಟಿಗೆ ಪೀಟರ್ ಬ್ಯಾಕ್ಸಾಂಡಲ್ ಅವರ ಹೆಸರು, 1952ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟವಾದದ್ದು. ಲ್ಯಾಬಿನಲ್ಲಿ ಆಪ್-ಆಂಪ್ ಇಟ್ಟು ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಅದರ ಟ್ರೆಬಲ್ ಗುಂಡಿ ಒಂದು ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಜಾರುತ್ತೆ, ಮೇಲಿನದ್ದಷ್ಟೇ ಅಲ್ಲ, 3 ಕಿಲೋಹರ್ಟ್ಸ್‌ನ ಕೊರೆತವನ್ನೂ ಸ್ವಲ್ಪ ಕೆಳಗೆಳೆಯುತ್ತೆ. ಮಾನಿಟರಿನ ಸ್ವಿಚ್ಚಿಗೆ ಆಗದೇ ಇದ್ದದ್ದು ಇದಕ್ಕಾಯ್ತು.

ಕೊಳ್ಳೋಕೆ ಹೋಗೋರಿಗೆ ಒಂದು ಮಾತು. ಅಂಗಡಿಯಲ್ಲಿ ಅವರು ಹಾಕೋ ಡೆಮೋ ಹಾಡು ಕೇಳಬೇಡಿ, ಅದು ಯಾವ ಡಬ್ಬದಲ್ಲೂ ಚೆನ್ನಾಗೇ ಇರುತ್ತೆ. ನಿಮ್ಮ ಹತ್ರ ಇರೋ ಹಾಡುಗಳಲ್ಲಿ ಅತಿ ಕೆಟ್ಟ ರೆಕಾರ್ಡಿಂಗ್ ಯಾವುದೋ ಅದನ್ನ ತಗೊಂಡು ಹೋಗಿ. ನಾವು 1972ರ ಎರಡು ಆಲ್ಬಂ, 'ಬಂಗಾರದ ಮನುಷ್ಯ'ದ ಹಾಡುಗಳನ್ನ ಒಯ್ದಿದ್ವಿ. ಅದೂ 1972ರದ್ದೇ, ಅತ್ತೆಯ ಪಾಲಿಗೆ. ಸ್ಪೀಕರನ್ನ ನೇರ ಮುಖಕ್ಕೆ ತಿರುಗಿಸಬೇಡಿ, ಸ್ವಲ್ಪ ಓರೆ ಇರಲಿ, ಟ್ವೀಟರಿನ ಚುರುಕು ಪಕ್ಕಕ್ಕೆ ಹೋಗುತ್ತೆ. ಹಾಸ್ಟೆಲಿನಲ್ಲಿ ಇಯರ್‌ಫೋನೇ ಗತಿ ಅನ್ನೋರು ಫೋನಿನ ಈಕ್ವಲೈಸರಿನಲ್ಲಿ 3 ಕಿಲೋಹರ್ಟ್ಸ್ ಹತ್ರ ಮೂರು ಡೆಸಿಬೆಲ್ ಇಳಿಸಿ ನೋಡಿ. ಏರಿಸೋದಕ್ಕಿಂತ ಇಳಿಸೋದು ಯಾವಾಗಲೂ ಕ್ಷೇಮ.

ಪರೀಕ್ಷೆ ಮುಗಿದಮೇಲೆ ಹೊಸ ಸಾಮಾನು ತಗೊಂಡು ಹೋದ್ವಿ. ಮಾಮ ತಾವೇ ಟ್ರಂಕ್ ತೆಗೆದು, ಕ್ಯಾಸೆಟ್ಟಿನ ಮೇಲಿನ ನೀಲಿ ಅಕ್ಷರ ಓದಿ ಓದಿ, ಈ ಹಾಡು ಹಾಕು, ಈಗ ಇದು ಹಾಕು ಅಂತ ಹೇಳ್ತಾ ಕೂತರು. ಬ್ಲ್ಯಾಕ್ ಸಬ್ಬತ್ ಆಯ್ತು, ಜೆಪ್ಲಿನ್ ಆಯ್ತು. ಮಧ್ಯೆ ಅತ್ತೆಗೆ ಬಂಗಾರದ ಮನುಷ್ಯ. ಎಲ್ಲ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಮೆಟಾಲಿಕಾದ '...ಆಂಡ್ ಜಸ್ಟಿಸ್ ಫಾರ್ ಆಲ್' ಬಂದಾಗ ನಾವು ಐವರೂ ಮುಖ ಮುಖ ನೋಡಿಕೊಂಡ್ವಿ. 1988ರ ಆ ಆಲ್ಬಂನಲ್ಲಿ ಬೇಸ್ ಗಿಟಾರು ಹುಡುಕಿದರೂ ಸಿಗಲ್ಲ, ಡ್ರಮ್ಮು ಟಕ್ ಟಕ್ ಅಂತ ಕಡ್ಡಿ ಮುರಿದ ಹಾಗಿದೆ. ಕೌದಿಗೂ ಬಗ್ಗಲಿಲ್ಲ, ಗುಂಡಿಗೂ ಬಗ್ಗಲಿಲ್ಲ. ಹಳ್ಳಿ ಎದ್ದು ಟ್ರೆಬಲ್ ಇನ್ನಷ್ಟು ಇಳಿಸೋಕೆ ಹೋದ.

"ಏ, ಅದನ್ನ ಮುಟ್ಟಬ್ಯಾಡ. ಅದು ಅವಾಗ್ಲೂ ಹಂಗ ಇತ್ತಲೇ" ಅಂದರು ಮಾಮ. ತಾವೇ ಎದ್ದು ಬಂದು ಗುಂಡಿಯನ್ನ ಬಲಕ್ಕೆ ತಿರುಗಿಸಿದರು. ಒಳಗಿಂದ ಅತ್ತೆ, "ಸಣ್ಣಗ ಮಾಡ್ರೀ" ಅಂತ ಕೂಗಿದರು. ಯಾರಿಗೂ ಕೇಳಿಸಲಿಲ್ಲ.